ಎರಡು ಅಣು ದಪ್ಪದ ಪೊರೆ, ಅದರೊಳಗೆ ವಿಟಮಿನ್

2019ರ ಬೇಸಿಗೆಯಲ್ಲಿ ಅಮೆರಿಕದ ಆಸ್ಪತ್ರೆಗಳಿಗೆ ಏದುಸಿರು ಬಿಡುವ ಹರೆಯದವರು ಒಬ್ಬರ ಹಿಂದೊಬ್ಬರು ಬರತೊಡಗಿದರು. ಕೆಮ್ಮು, ಎದೆನೋವು, ಜ್ವರ, ವಾಂತಿ. ಎಕ್ಸ್‌ರೇ ತೆಗೆದರೆ ಎರಡೂ ಶ್ವಾಸಕೋಶ ಮಬ್ಬು. ನ್ಯುಮೋನಿಯಾ ಇರಬೇಕೆಂದು ಆ್ಯಂಟಿಬಯಾಟಿಕ್ ಕೊಟ್ಟರೂ ಗುಣ ಕಾಣಲಿಲ್ಲ. ಎಷ್ಟು ಹುಡುಕಿದರೂ ಸೋಂಕು ಸಿಗಲಿಲ್ಲ. ಇವರೆಲ್ಲರಿಗೂ ಇದ್ದ ಒಂದೇ ಅಭ್ಯಾಸವೆಂದರೆ ಇ-ಸಿಗರೇಟಿನಂಥ ಸಾಧನದಲ್ಲಿ ಕಾಯಿಸಿದ ಎಣ್ಣೆಯ ಆವಿಯನ್ನು ಎದೆಗೆ ಎಳೆದುಕೊಳ್ಳುವುದು. ಬಹುತೇಕರು ಎಳೆಯುತ್ತಿದ್ದದ್ದು ಗಾಂಜಾದ ಸಾರ ಬೆರೆತ, ಕಳ್ಳದಾರಿಯಲ್ಲಿ ಕೊಂಡ ಎಣ್ಣೆ. 2020ರ ಫೆಬ್ರುವರಿ ಹೊತ್ತಿಗೆ ಹೀಗೆ ಕಾಯಿಲೆ ಬಿದ್ದವರ ಸಂಖ್ಯೆ 2,807; ಸತ್ತವರು 68.

ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ವಿಜ್ಞಾನಿಗಳು 16 ರಾಜ್ಯಗಳ 51 ರೋಗಿಗಳ ಶ್ವಾಸಕೋಶವನ್ನು ಲವಣಜಲದಿಂದ ತೊಳೆದು, ಆ ನೀರನ್ನು ಪರೀಕ್ಷೆಗೆ ಒಡ್ಡಿದರು. 48 ಮಂದಿಯಲ್ಲಿ ಒಂದೇ ವಸ್ತು ಸಿಕ್ಕಿತು. ಹೋಲಿಕೆಗೆಂದು ಪರೀಕ್ಷಿಸಿದ 99 ಆರೋಗ್ಯವಂತರಲ್ಲಿ ಒಬ್ಬರಲ್ಲೂ ಅದು ಇರಲಿಲ್ಲ. ಆ ವಸ್ತು ವಿಟಮಿನ್ ಇ ಅಸಿಟೇಟ್. ಗಾಂಜಾ ಎಣ್ಣೆಯ ಹಾಗೇ ಬಣ್ಣ, ಹಾಗೇ ಮಂದ; ಕಲಬೆರಕೆಗೆ ಹೇಳಿ ಮಾಡಿಸಿದಂತಿತ್ತು.

ನಮ್ಮ ಔಷಧಿ ಅಂಗಡಿಗಳಲ್ಲಿ ಸಿಗುವ ಹಸಿರು ಮೆತ್ತನೆಯ ಕ್ಯಾಪ್ಸೂಲಿನೊಳಗೆ ಇರುವುದೂ ಇದೇ ವಿಟಮಿನ್ ಇ ಅಸಿಟೇಟ್. ಜನ ಅದನ್ನು ನುಂಗುತ್ತಾರೆ, ಪಿನ್ನಿನಿಂದ ಚುಚ್ಚಿ ಹಿಂಡಿ ಮುಖಕ್ಕೆ, ತಲೆಗೂದಲಿಗೆ ಹಚ್ಚಿಕೊಳ್ಳುತ್ತಾರೆ, ಏನೂ ಆಗುವುದಿಲ್ಲ. ಹೊಟ್ಟೆಗೆ ಹೋದರೆ ಸುಮ್ಮನಿರುವ ವಸ್ತು ಎದೆಗೆ ಹೋದರೆ ಪ್ರಾಣ ತೆಗೆಯುವುದು ಹೇಗೆ? ಪೌಷ್ಟಿಕಾಂಶದ ಪಟ್ಟಿಯಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ. ಕೊಬ್ಬಿನ ಅಣುಗಳು ಒತ್ತೊತ್ತಾಗಿ ನಿಂತು ಪೊರೆಯಾಗುವ ಬಗೆಯಲ್ಲಿ, ಆ ಸಾಲಿನೊಳಕ್ಕೆ ಬೇರೊಂದು ಅಣು ನುಸುಳಿದಾಗ ಆಗುವ ವ್ಯತ್ಯಾಸದಲ್ಲಿ ಅದನ್ನು ಹುಡುಕಬೇಕು.

ಎ, ಡಿ, ಇ, ಕೆ ಎಂಬ ನಾಲ್ಕು ವಿಟಮಿನ್‌ಗಳು ಕೊಬ್ಬಿನಲ್ಲಿ ಕರಗುತ್ತವೆ ಎಂದು ಹೈಸ್ಕೂಲಿನಲ್ಲಿ ಎಲ್ಲರೂ ಬಾಯಿಪಾಠ ಮಾಡಿದ್ದೇವೆ. ನೀರಿನಲ್ಲಿ ಕರಗುವ ಬಿ ಮತ್ತು ಸಿ ಹೆಚ್ಚಾದರೆ ಮೂತ್ರದಲ್ಲಿ ಹೋಗುತ್ತವೆ, ಇವು ದೇಹದಲ್ಲೇ ಉಳಿಯುತ್ತವೆ ಎಂಬಲ್ಲಿಗೆ ಪಾಠ ಮುಗಿಯುತ್ತಿತ್ತು. ಕೊಬ್ಬಿನಲ್ಲಿ ಕರಗುತ್ತವೆ ಎಂದರೆ ದೇಹದ ಯಾವ ಕೊಬ್ಬಿನಲ್ಲಿ? ಸೊಂಟದ ಸುತ್ತ ಶೇಖರವಾಗುವ ಕೊಬ್ಬು ಒಂದು. ಅದಕ್ಕಿಂತ ಮುಖ್ಯವಾದ ಇನ್ನೊಂದು ಜಾಗವಿದೆ. ನಮ್ಮ ಪ್ರತಿಯೊಂದು ಜೀವಕೋಶವನ್ನೂ, ಕೋಶದೊಳಗಿನ ಬಹುತೇಕ ಅಂಗಗಳನ್ನೂ ಸುತ್ತಿರುವ ತೆಳ್ಳನೆಯ ಪೊರೆ ಕೊಬ್ಬಿನದೇ. ಈ ವಿಟಮಿನ್‌ಗಳ ಕಥೆಯನ್ನು ಪೊರೆಯ ಕಥೆಯಿಂದ ಬೇರೆ ಮಾಡಿ ಹೇಳಿದರೆ ಅರ್ಧವನ್ನೇ ಹೇಳಿದಂತೆ ಎಂಬುದು ನನ್ನ ಅಭಿಪ್ರಾಯ.

ಪೊರೆ ಎಷ್ಟು ಅಣು ದಪ್ಪ ಎಂಬುದನ್ನು ಮೊದಲು ಲೆಕ್ಕಹಾಕಿದವರು ನೆದರ್ಲೆಂಡ್ಸಿನ ಲೈಡನ್ ನಗರದ ಗಾರ್ಟರ್ ಮತ್ತು ಗ್ರೆಂಡೆಲ್, 1925ರಲ್ಲಿ. ನಾಯಿ, ಕುರಿ, ಮೊಲ, ಮೇಕೆ, ಮನುಷ್ಯ ಹೀಗೆ ಹಲವು ಜೀವಿಗಳ ಕೆಂಪು ರಕ್ತಕಣಗಳಿಂದ ಅಸಿಟೋನ್ ಬಳಸಿ ಕೊಬ್ಬನ್ನು ಬೇರ್ಪಡಿಸಿದರು. ಅಗಲವಾದ ತಟ್ಟೆಯಲ್ಲಿ ನೀರು ತುಂಬಿ, ಆ ಕೊಬ್ಬನ್ನು ಮೇಲೆ ಹರಡಿ, ಒಂದೇ ಅಣು ದಪ್ಪದ ಪದರವಾಗುವಂತೆ ಪಟ್ಟಿಯಿಂದ ತಳ್ಳಿ ಅದರ ವಿಸ್ತೀರ್ಣ ಅಳೆದರು. ಅದು ಆ ರಕ್ತಕಣಗಳ ಮೇಲ್ಮೈಯ ಒಟ್ಟು ವಿಸ್ತೀರ್ಣದ ಹೆಚ್ಚುಕಡಿಮೆ ಎರಡರಷ್ಟಿತ್ತು. ಅಂದರೆ ಕಣದ ಸುತ್ತ ಕೊಬ್ಬಿನ ಅಣುಗಳು ಎರಡು ಪದರವಾಗಿ ನಿಂತಿರಬೇಕು. ಆಮೇಲೆ ತಿಳಿದುಬಂದದ್ದು, ಅವರು ಕೊಬ್ಬನ್ನು ಪೂರ್ತಿ ತೆಗೆದಿರಲಿಲ್ಲ, ಕಣದ ಮೇಲ್ಮೈಯನ್ನೂ ಕಡಿಮೆ ಅಂದಾಜು ಮಾಡಿದ್ದರು. ಎರಡು ತಪ್ಪುಗಳು ಪರಸ್ಪರ ವಜಾ ಆಗಿ ಸರಿಯುತ್ತರ ಕೊಟ್ಟಿದ್ದವು. ಉತ್ತರ ಮಾತ್ರ ನೂರು ವರ್ಷದಿಂದ ನಿಂತಿದೆ.

ಈ ಪದರಗಳ ಅಣುವಿನ ಹೆಸರು ಫಾಸ್ಫೊಲಿಪಿಡ್. ನೀರನ್ನು ಬಯಸುವ ಒಂದು ತಲೆ, ನೀರಿಗೆ ಬೆನ್ನು ಹಾಕುವ ಎರಡು ಉದ್ದನೆಯ ಬಾಲ. ಎರಡೂ ಪದರಗಳ ತಲೆಗಳು ಹೊರಗೆ, ಬಾಲಗಳು ಎದುರುಬದುರಾಗಿ ಒಳಗೆ. ಒಟ್ಟು ದಪ್ಪ ನಾಲ್ಕೈದು ನ್ಯಾನೊಮೀಟರ್. ಒಂದು ಮಿಲಿಮೀಟರಿನಲ್ಲಿ ಇಂಥ ಎರಡು ಲಕ್ಷ ಪೊರೆಗಳನ್ನು ಒಂದರ ಮೇಲೊಂದು ಪೇರಿಸಬಹುದು.

ಇಷ್ಟು ತೆಳುವಾದ ಪೊರೆ ಗಟ್ಟಿ ಗೋಡೆಯೇನಲ್ಲ. 1970ರಲ್ಲಿ ಫ್ರೈ ಮತ್ತು ಎಡಿಡಿನ್ ಇಲಿಯ ಒಂದು ಕೋಶವನ್ನೂ ಮನುಷ್ಯನ ಒಂದು ಕೋಶವನ್ನೂ ಸೇರಿಸಿ ಒಂದೇ ಕೋಶ ಮಾಡಿದರು. ಇಲಿಯ ಪ್ರೋಟೀನ್‌ಗಳಿಗೆ ಒಂದು ಬಣ್ಣ, ಮನುಷ್ಯನವಕ್ಕೆ ಇನ್ನೊಂದು. ಮೊದಲು ಅರ್ಧಕ್ಕರ್ಧ ಬೇರೆಯಾಗಿ ಕಂಡ ಬಣ್ಣಗಳು ದೇಹದ ಉಷ್ಣತೆಯಲ್ಲಿ 40 ನಿಮಿಷ ಕಳೆಯುವಷ್ಟರಲ್ಲಿ ಪೂರ್ತಿ ಬೆರೆತುಹೋದವು. ತಣ್ಣಗಿಟ್ಟರೆ ಬೆರೆಯಲಿಲ್ಲ. ಪೊರೆ ಹರಿಯುತ್ತದೆ, ಆ ಹರಿವು ಉಷ್ಣತೆಯನ್ನು ಅವಲಂಬಿಸಿದೆ ಎಂಬುದು ಸಂದೇಹವಿಲ್ಲದೆ ಸಾಬೀತಾಯಿತು. ಎರಡು ವರ್ಷಗಳ ಬಳಿಕ ಸಿಂಗರ್ ಮತ್ತು ನಿಕೋಲ್ಸನ್ ಇದನ್ನೇ ಆಧರಿಸಿ ಪೊರೆಯ ಚಿತ್ರವನ್ನು ಬರೆದರು. ಪಠ್ಯಪುಸ್ತಕಗಳಲ್ಲಿ ಇಂದಿಗೂ ಅಚ್ಚಾಗುವುದು ಆ ಚಿತ್ರವೇ.

ಕೊಬ್ಬು ಹರಿಯುವುದೋ ಹೆಪ್ಪುಗಟ್ಟುವುದೋ ಎಂಬುದು ಬಾಲದ ಆಕಾರಕ್ಕೆ ಬಿಟ್ಟದ್ದು. ಮಾಗಿಯ ಚಳಿಯಲ್ಲಿ ಬಚ್ಚಲುಮನೆಯ ತೆಂಗಿನೆಣ್ಣೆ ಬಾಟಲಿಯಲ್ಲೇ ಬೆಳ್ಳಗೆ ಗಟ್ಟಿಯಾಗುತ್ತದೆ, ಪಕ್ಕದಲ್ಲಿಟ್ಟ ಎಳ್ಳೆಣ್ಣೆ ಹರಿಯುತ್ತಲೇ ಇರುತ್ತದೆ. ತೆಂಗಿನೆಣ್ಣೆಯ ಬಾಲಗಳು ನೆಟ್ಟಗಿವೆ, ಒಂದಕ್ಕೊಂದು ಅಂಟಿಕೊಂಡು ನಿಲ್ಲುತ್ತವೆ. ಎಳ್ಳೆಣ್ಣೆಯ ಬಾಲಗಳಲ್ಲಿ ಅಲ್ಲಲ್ಲಿ ಮುರುಕು ಇದೆ, ಒತ್ತಾಗಿ ಜೋಡಿಸಲು ಆಗದು. ಪೊರೆಯಲ್ಲಿ ನಡೆಯುವುದೂ ಇದೇ. ನೆಟ್ಟನೆ ಬಾಲದ ಡಿಪಿಪಿಸಿ ಎಂಬ ಫಾಸ್ಫೊಲಿಪಿಡ್ಡಿನ ಪೊರೆ 41 ಡಿಗ್ರಿ ಸೆಲ್ಸಿಯಸ್ ತಲುಪುವವರೆಗೂ ಬಿಗಿಯಾಗಿರುತ್ತದೆ, ಅಲ್ಲಿ ದಿಢೀರನೆ ಸಡಿಲವಾಗುತ್ತದೆ. ಮುರುಕು ಬಾಲದ ಅದರ ಸೋದರ ಅಣುಗಳ ಪೊರೆ ಸೊನ್ನೆಗಿಂತ ಕೆಳಗೂ ಹರಿಯುತ್ತಿರುತ್ತದೆ. ಘನವೂ ಅಲ್ಲದ, ಪೂರ್ತಿ ದ್ರವವೂ ಅಲ್ಲದ ಈ ಸ್ಥಿತಿಯನ್ನು ಭೌತವಿಜ್ಞಾನಿಗಳು ದ್ರವಸ್ಫಟಿಕ ಎನ್ನುತ್ತಾರೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್ ಮತ್ತು ಸಂಗಡಿಗರು ತಟ್ಟೆಯಾಕಾರದ ಅಣುಗಳ ಹೊಸ ದ್ರವಸ್ಫಟಿಕವನ್ನು 1977ರಲ್ಲಿ ಕಂಡುಹಿಡಿದದ್ದು ಈ ಕ್ಷೇತ್ರದ ದೊಡ್ಡ ಘಟನೆಗಳಲ್ಲೊಂದು. ನಮ್ಮ ಮೈಯ ಕೋಟಿ ಕೋಟಿ ಪೊರೆಗಳು ಅದೇ ಕುಲದ ವಸ್ತುಗಳು ಎಂಬುದನ್ನು ಜನ ಇನ್ನೂ ಹೆಚ್ಚಾಗಿ ತಿಳಿಯಬೇಕು.

ಈಗ ವಿಟಮಿನ್ ಇ ಯನ್ನು ಒಳಕ್ಕೆ ಬಿಡೋಣ. 1922ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಹರ್ಬರ್ಟ್ ಇವಾನ್ಸ್ ಮತ್ತು ಕ್ಯಾಥರೀನ್ ಬಿಷಪ್ ಇದರ ಸುಳಿವು ಹಿಡಿದದ್ದು ಇಲಿಗಳಿಂದ. ಹಂದಿಕೊಬ್ಬಿನ ಆಹಾರ ತಿಂದ ಹೆಣ್ಣಿಲಿಗಳು ಬಸುರಾದರೂ ಮರಿ ಉಳಿಯುತ್ತಿರಲಿಲ್ಲ. ಲೆಟ್ಯೂಸ್ ಸೊಪ್ಪು ಕೊಟ್ಟರೆ ಉಳಿಯುತ್ತಿತ್ತು. 1936ರಲ್ಲಿ ಇವಾನ್ಸ್ ತಂಡ ಗೋಧಿ ಮೊಳಕೆಯ ಎಣ್ಣೆಯಿಂದ ಅದನ್ನು ಬೇರ್ಪಡಿಸಿ ಟೋಕೋಫೆರಾಲ್ ಎಂದು ಹೆಸರಿಟ್ಟಿತು. ಎರಡು ಉಂಗುರ ಸೇರಿದ ಗಿಡ್ಡ ತಲೆ, ಅದಕ್ಕೆ ಅಂಟಿದ ಉದ್ದ ಬಾಲ. ನೋಡಿದರೆ ಫಾಸ್ಫೊಲಿಪಿಡ್ಡಿನ ನಂಟನಂತೆಯೇ ಕಾಣುತ್ತದೆ, ಆದ್ದರಿಂದಲೇ ಪೊರೆಯ ಸಾಲಿನಲ್ಲಿ ಸುಲಭವಾಗಿ ಜಾಗ ಮಾಡಿಕೊಳ್ಳುತ್ತದೆ.

ಜಾಗ ಮಾಡಿಕೊಂಡ ಮೇಲೆ ಏನಾಗುತ್ತದೆಂದು ನೋಡಲು ಪ್ರಯೋಗಾಲಯದಲ್ಲಿ ಒಂದು ಚೊಕ್ಕ ವಿಧಾನವಿದೆ. ಡಿಪಿಪಿಸಿಯನ್ನು ನೀರಿನಲ್ಲಿ ಕಲಸಿ, ಸಣ್ಣ ಪಾತ್ರೆಗೆ ಹಾಕಿ, ಪಕ್ಕದ ಇನ್ನೊಂದು ಪಾತ್ರೆಯಲ್ಲಿ ಬರೀ ನೀರಿಟ್ಟು ಎರಡನ್ನೂ ನಿಧಾನವಾಗಿ ಕಾಯಿಸುತ್ತಾರೆ. ಪೊರೆ ಸಡಿಲವಾಗುವ ಕ್ಷಣದಲ್ಲಿ ಅದು ಹೆಚ್ಚಿನ ಶಾಖ ಹೀರುತ್ತದೆ. ಯಂತ್ರ ಬರೆಯುವ ಗೆರೆಯಲ್ಲಿ 35 ಡಿಗ್ರಿಯ ಆಸುಪಾಸಿನಲ್ಲಿ ಒಂದು ಪುಟ್ಟ ದಿಣ್ಣೆ ಏಳುತ್ತದೆ, 41ರಲ್ಲಿ ಸೂಜಿಯಂಥ ಎತ್ತರದ ಶಿಖರ. ಇದು ಶುದ್ಧ ಪೊರೆಯ ಗೆರೆ. ನೂರು ಅಣುಗಳಿಗೆ ಬೆರಳೆಣಿಕೆಯಷ್ಟು ಟೋಕೋಫೆರಾಲ್ ಸೇರಿಸಿ ಮತ್ತೆ ಕಾಯಿಸಿದರೆ ಪುಟ್ಟ ದಿಣ್ಣೆ ಕಾಣೆಯಾಗುತ್ತದೆ. ಶಿಖರ ಕುಗ್ಗಿ, ಅಗಲವಾಗಿ, ಕಡಿಮೆ ಉಷ್ಣತೆಯ ಕಡೆಗೆ ವಾಲುತ್ತದೆ. ಇನ್ನಷ್ಟು ಸೇರಿಸಿದರೆ ಇನ್ನಷ್ಟು ಚಪ್ಪಟೆ. ಅಂದರೆ ಪೊರೆ ಒಮ್ಮೆಗೇ ಸಡಿಲವಾಗುವ ಬದಲು ಮೊದಲೇ, ಅಲ್ಲಲ್ಲಿ, ಮೆಲ್ಲಗೆ ಸಡಿಲವಾಗುತ್ತಿದೆ. ಬಿಗಿಯಾಗಿ ನಿಂತ ಬಾಲಗಳ ನಡುವೆ ಹೊಂದಿಕೆಯಾಗದ ತಲೆಯೊಂದು ಸೇರಿ ಅವುಗಳ ಕಟ್ಟು ಬಿಚ್ಚಿದೆ.

ಇದೇ ಟೋಕೋಫೆರಾಲನ್ನು ಆಗಲೇ ಹರಿಯುತ್ತಿರುವ ಪೊರೆಗೆ ಸೇರಿಸಿದರೆ ಪರಿಣಾಮ ತಿರುಗುಮುರುಗು. ಅತ್ತಿತ್ತ ಒಲೆಯುತ್ತಿದ್ದ ಬಾಲಗಳು ಅದರ ಗಡುಸು ತಲೆಯ ಪಕ್ಕದಲ್ಲಿ ಸ್ವಲ್ಪ ನೆಟ್ಟಗಾಗುತ್ತವೆ, ಚಲನೆ ತಗ್ಗುತ್ತದೆ. ಬಿಗಿಯಾದುದನ್ನು ಸಡಿಲಿಸಿ, ಸಡಿಲವಾದುದನ್ನು ಬಿಗಿಗೊಳಿಸುವ ಈ ಗುಣ ಕೊಲೆಸ್ಟರಾಲಿಗೂ ಇದೆ. ಕೊಲೆಸ್ಟರಾಲ್ ಎಂದರೆ ಹೃದಯದ ಶತ್ರು ಎಂದಷ್ಟೇ ಕೇಳಿದವರಿಗೆ ಇದು ಹೊಸದಾಗಿ ತೋರಬಹುದು. ಪ್ರಾಣಿಕೋಶದ ಹೊರಪೊರೆಯನ್ನು ಹದದಲ್ಲಿಡುವ ಮುಖ್ಯ ಹೊಣೆ ಅದರದೇ. ಟೋಕೋಫೆರಾಲ್ ಮಾಡುವ ಇನ್ನೊಂದು ಕೆಲಸವೂ ಇದೆ. ತಲೆ ಚಿಕ್ಕದು, ಒಳಗಿನ ಭಾಗ ಹೆಚ್ಚು ಜಾಗ ಬೇಡುತ್ತದೆ. ಹಾಗಾಗಿ ಅದು ಹೆಚ್ಚಾದಲ್ಲಿ ಪದರ ಚಪ್ಪಟೆಯಾಗಿರಲು ಒಲ್ಲದೆ ಬಾಗಲು ನೋಡುತ್ತದೆ. ಕೆಲವು ಬಗೆಯ ಕೊಬ್ಬುಗಳಲ್ಲಿ ಪೊರೆ ಚಪ್ಪಟೆ ಹಾಳೆಯ ರೂಪವನ್ನೇ ಬಿಟ್ಟು ಕೊಳವೆಗಳ ಜೋಡಣೆಯಾಗುವುದನ್ನು ಕಂಡಿದ್ದಾರೆ.

ಇಷ್ಟು ತಿಳಿದ ಮೇಲೆ ಶ್ವಾಸಕೋಶದ ಒಗಟು ಬಿಡಿಸಬಹುದು. ಗಾಳಿಚೀಲಗಳ ಒಳಮೈ ತೇವವಾಗಿದೆ. ತೇವದ ಮೇಲ್ಮೈಗೆ ಕುಗ್ಗುವ ಚಪಲ. ಅದನ್ನು ಅದರ ಪಾಡಿಗೆ ಬಿಟ್ಟರೆ ಪ್ರತಿ ಸಲ ಉಸಿರು ಬಿಟ್ಟಾಗಲೂ ಚೀಲಗಳು ಮುದುಡಿ ಅಂಟಿಕೊಳ್ಳುತ್ತವೆ. ಇದನ್ನು ತಡೆಯಲು ಶ್ವಾಸಕೋಶ ಸರ್ಫ್ಯಾಕ್ಟಂಟ್ ಎಂಬ ಕೊಬ್ಬಿನ ತೆಳುಪದರವನ್ನು ಹಾಸಿಕೊಳ್ಳುತ್ತದೆ. ದಿನ ತುಂಬದೆ ಹುಟ್ಟಿದ ಕೂಸುಗಳು ಉಸಿರಾಡಲಾರದೆ ಸಾಯುತ್ತಿದ್ದುದು ಈ ಪದರ ಇನ್ನೂ ಬಂದಿರದ ಕಾರಣ ಎಂದು 1959ರಲ್ಲಿ ಮೇರಿ ಎಲೆನ್ ಏವರಿ ಮತ್ತು ಜೆರ್‍ರಿ ಮೀಡ್ ತೋರಿಸಿದ್ದರು. ಈ ಪದರದ ಮುಖ್ಯ ಅಣು ಮತ್ತಾವುದೂ ಅಲ್ಲ, ಅದೇ ಡಿಪಿಪಿಸಿ. ಅದು ಸಡಿಲವಾಗುವುದು 41 ಡಿಗ್ರಿಯಲ್ಲಿ, ಮೈಯ ಉಷ್ಣತೆ 37. ಆ ನಾಲ್ಕು ಡಿಗ್ರಿ ಅಂತರದ ಬಲದಿಂದ ಉಸಿರು ಬಿಟ್ಟಾಗ ಪದರದ ಅಣುಗಳು ಒತ್ತೊತ್ತಾಗಿ ಸೇರಿ ಗಟ್ಟಿಯಾಗಿ ನಿಲ್ಲುತ್ತವೆ, ಮೇಲ್ಮೈಯ ಎಳೆತವನ್ನು ಹತ್ತಿರ ಹತ್ತಿರ ಸೊನ್ನೆಗೆ ಇಳಿಸುತ್ತವೆ. ಇಲ್ಲಿಗೆ ವಿಟಮಿನ್ ಇ ಅಸಿಟೇಟ್ ಆವಿಯಾಗಿ ಬಂದು ಕೂತರೆ ಅದರ ಬಾಲ ಸಾಲಿನೊಳಕ್ಕೆ ನುಸುಳುತ್ತದೆ, ಗಟ್ಟಿಯಾಗಿರಬೇಕಾದ ಪದರ ಸಡಿಲವಾಗುತ್ತದೆ, ಚೀಲವನ್ನು ತೆರೆದಿಡುವ ಶಕ್ತಿ ಕುಂದುತ್ತದೆ. ರೋಗಿಗಳ ದ್ರವವನ್ನು ಪರೀಕ್ಷಿಸಿದ ತಂಡವೇ ಮುಂದಿಟ್ಟ ವಿವರಣೆಯಿದು. ಕಾಯಿಸಿದಾಗ ಅಸಿಟೇಟ್ ಭಾಗ ಒಡೆದು ಕೀಟೀನ್ ಎಂಬ ವಿಷಾನಿಲವಾಗಿ ಶ್ವಾಸಕೋಶವನ್ನು ಸುಡುತ್ತದೆ ಎಂಬ ಇನ್ನೊಂದು ವಿವರಣೆಯೂ ಇದೆ. ಎರಡೂ ಒಟ್ಟಿಗೆ ನಡೆಯಲು ಅಡ್ಡಿಯಿಲ್ಲ. ಭಾರತ 2019ರ ಸೆಪ್ಟೆಂಬರಿನಲ್ಲಿ ಸುಗ್ರೀವಾಜ್ಞೆಯ ಮೂಲಕ, ವರ್ಷದ ಕೊನೆಗೆ ಕಾಯ್ದೆಯ ಮೂಲಕ ಇ-ಸಿಗರೇಟುಗಳನ್ನು ನಿಷೇಧಿಸಿತು. ಕಾಲೇಜುಗಳ ಸುತ್ತ ಅವು ಕದ್ದುಮುಚ್ಚಿ ಕೈಬದಲಾಗುವುದು ನಿಂತಿಲ್ಲ, ಒಳಗಿನ ಎಣ್ಣೆ ಯಾವುದೆಂದು ಕೊಳ್ಳುವ ಹುಡುಗರಿಗೆ ಗೊತ್ತಿಲ್ಲ ಎಂಬುದು ನನ್ನನ್ನು ನಿಜವಾಗಿ ಕಾಡುವ ಸಂಗತಿ.

ಹಾಗಾದರೆ ನುಂಗಿದ ಕ್ಯಾಪ್ಸೂಲು ಮೈಯೆಲ್ಲದರ ಪೊರೆಗಳನ್ನೂ ಸಡಿಲಿಸಬೇಕಲ್ಲ? ಸಡಿಲಿಸುವುದಿಲ್ಲ, ಏಕೆಂದರೆ ದಾರಿಯಲ್ಲಿ ತಡೆಗಳಿವೆ. ಕರುಳಿನಲ್ಲಿ ಕಿಣ್ವವೊಂದು ಅಸಿಟೇಟ್ ಭಾಗವನ್ನು ಕತ್ತರಿಸುತ್ತದೆ. ಅಲ್ಲಿಂದ ಲಿವರಿಗೆ ಬಂದ ಟೋಕೋಫೆರಾಲನ್ನು ಒಂದು ಪ್ರೋಟೀನು ಕೈಹಿಡಿದು ರಕ್ತಕ್ಕೆ ದಾಟಿಸುತ್ತದೆ. ಎಷ್ಟನ್ನು ದಾಟಿಸಬೇಕು ಎಂಬುದಕ್ಕೆ ಅದಕ್ಕೆ ಮಿತಿಯಿದೆ. ದೊಡ್ಡ ದೊಡ್ಡ ಪ್ರಮಾಣದ ಮಾತ್ರೆ ನುಂಗಿದರೂ ರಕ್ತದ ವಿಟಮಿನ್ ಇ ಮಟ್ಟ ಎರಡು, ಹೆಚ್ಚೆಂದರೆ ಮೂರು ಪಟ್ಟಿಗಿಂತ ಏರುವುದಿಲ್ಲ. ಉಳಿದದ್ದನ್ನು ದೇಹ ಒಡೆದು ಹೊರಹಾಕುತ್ತದೆ. ಈ ಪ್ರೋಟೀನಿನ ಜೀನ್ ಕೆಟ್ಟು ಹುಟ್ಟಿದ ಮಕ್ಕಳಿಗೆ ಊಟದಲ್ಲಿ ಸಾಕಷ್ಟು ವಿಟಮಿನ್ ಇದ್ದರೂ ನರಗಳಿಗೆ ಅದು ಸಿಗದು. ಬೆಳೆಯುತ್ತಾ ನಡಿಗೆ ತೂರಾಡುತ್ತದೆ, ಮಾತು ತೊದಲುತ್ತದೆ. ಆವಿಯಾಗಿ ಎಳೆದುಕೊಂಡಾಗ ನಡೆದದ್ದು ಇಷ್ಟೇ. ಕರುಳು, ಲಿವರು ಎರಡನ್ನೂ ತಪ್ಪಿಸಿ ವಿಟಮಿನ್ ನೇರವಾಗಿ ಕೊಬ್ಬಿನ ಪದರದ ಮೇಲೆ ರಾಶಿಯಾಗಿ ಬಿತ್ತು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಟೋಕೋಫೆರಾಲ್ ಪೊರೆಯನ್ನು ಬಿಗಿಗೊಳಿಸುತ್ತದೆ, ಬಾಗಿಸುತ್ತದೆ ಎಂದು ತೋರಿಸಿದ ಪ್ರಯೋಗಗಳಲ್ಲಿ ನೂರಕ್ಕೆ ಐದು, ಹತ್ತು, ಇಪ್ಪತ್ತು ಅಣುಗಳಷ್ಟು ಅದನ್ನು ಸೇರಿಸಿರುತ್ತಾರೆ. ನಮ್ಮ ಕೋಶಗಳ ಪೊರೆಯಲ್ಲಿ ಅದು ಇರುವುದು ಸಾವಿರ ಕೊಬ್ಬಿನ ಅಣುಗಳಿಗೆ ಒಂದರ ಸುಮಾರಿಗೆ. ಅಷ್ಟು ವಿರಳವಾದ ಅಣು ಇಡೀ ಪೊರೆಯ ಹರಿವನ್ನು ಬದಲಿಸುತ್ತದೆ ಎಂದರೆ ನಾನು ಒಪ್ಪಲಾರೆ. ಅದೆಲ್ಲಾದರೂ ಗುಂಪುಗೂಡಿ, ಪೊರೆಯ ಸಣ್ಣ ಸಣ್ಣ ಭಾಗಗಳಲ್ಲಿ ದಟ್ಟವಾಗಿದ್ದರೆ ಅಲ್ಲಿ ಬದಲಿಸಬಹುದು. ಹಾಗೆ ವಾದಿಸುವ ವಿಜ್ಞಾನಿಗಳಿದ್ದಾರೆ. ವಿಟಮಿನ್ ಇ ಆ್ಯಂಟಿಆಕ್ಸಿಡೆಂಟ್ ಮಾತ್ರವೋ, ಅದಕ್ಕೂ ಮೀರಿದ ಕೆಲಸ ಅದಕ್ಕಿದೆಯೋ ಎಂಬ ಬಗ್ಗೆ 2007ರಲ್ಲಿ ಪ್ರತಿಷ್ಠಿತ ಸಂಶೋಧಕರು ಒಂದೇ ಪತ್ರಿಕೆಯ ಪುಟಗಳಲ್ಲಿ ಎದುರುಬದುರು ನಿಂತು ಬರೆದರು. ಪೊರೆಯಲ್ಲಿ ಅದು ನಿಖರವಾಗಿ ಎಲ್ಲಿ ಕೂರುತ್ತದೆ ಎಂಬುದೂ ಸುಲಭದ ಪ್ರಶ್ನೆಯಾಗಿರಲಿಲ್ಲ. ನ್ಯೂಟ್ರಾನ್ ಕಿರಣ ಹಾಯಿಸಿ ಕೆನಡಾದ ತಂಡ ನೋಡಿದಾಗ ಒಂದು ಬಗೆಯ ಕೊಬ್ಬಿನಲ್ಲಿ ಅದರ ತಲೆ ನೀರಿನಂಚಿಗೆ ಸಿಕ್ಕಿತು, ನೆಟ್ಟನೆಯ ಗಿಡ್ಡ ಬಾಲದ ಇನ್ನೊಂದು ಬಗೆಯಲ್ಲಿ ಪೊರೆಯ ನಟ್ಟನಡುವೆ ಸಿಕ್ಕಿತು.

ಸಾವಿರಕ್ಕೆ ಒಂದಾದರೂ ಅದು ಪೊರೆಯ ಹದವನ್ನು ಕಾಯುವುದು ಬೇರೊಂದು ದಾರಿಯಿಂದ. ಮುರುಕು ಬಾಲಗಳಿಗೆ ಆಮ್ಲಜನಕದ ಕಾಟ ಹೆಚ್ಚು. ಒಂದು ಬಾಲಕ್ಕೆ ಫ್ರೀ ರ್‍ಯಾಡಿಕಲ್ ಎಂಬ ಅಸ್ಥಿರ ಅಣು ತಗುಲಿತೆಂದರೆ ಅದು ಪಕ್ಕದ್ದನ್ನು ಕೆಡಿಸುತ್ತದೆ, ಅದು ಮತ್ತೊಂದನ್ನು. ಕೆಟ್ಟ ಬಾಲ ನೀರನ್ನು ಬಯಸತೊಡಗುತ್ತದೆ. ಒಳಗಿರಬೇಕಾದ್ದು ಬಾಗಿ ಹೊರಗೆ ತಲೆ ಹಾಕುತ್ತದೆ. ಸಾಲು ಕದಡಿ ಪೊರೆ ಸೋರುತ್ತದೆ. ಟೋಕೋಫೆರಾಲ್ ಈ ರ್‍ಯಾಡಿಕಲ್ಲಿನ ಜೊತೆ ಬಾಲಗಳಿಗಿಂತ ಸುಮಾರು ಸಾವಿರ ಪಟ್ಟು ವೇಗದಲ್ಲಿ ವರ್ತಿಸಿ ಸರಪಣಿಯನ್ನು ಅಲ್ಲೇ ಕಡಿಯುತ್ತದೆ. ಹಾಗೆ ಸವೆದ ಟೋಕೋಫೆರಾಲನ್ನು ನೀರಿನಂಚಿನಿಂದ ವಿಟಮಿನ್ ಸಿ ಮತ್ತೆ ಸರಿಪಡಿಸುತ್ತದೆ. ಆದ್ದರಿಂದಲೇ ಒಂದೇ ಅಣು ಮತ್ತೆ ಮತ್ತೆ ಬಳಕೆಗೆ ಬರುತ್ತದೆ. ಉತ್ತರ ಕರ್ನಾಟಕದ ಕುಸುಬಿ ಎಣ್ಣೆಯಲ್ಲಿ ಮುರುಕು ಬಾಲಗಳೂ ಹೆಚ್ಚು, ವಿಟಮಿನ್ ಇ ಯೂ ಹೆಚ್ಚು. ಕೆಡಬಲ್ಲ ಕೊಬ್ಬನ್ನು ಬೀಜದಲ್ಲಿ ತುಂಬಿಡುವ ಗಿಡ ಅದರ ರಕ್ಷಣೆಯನ್ನೂ ಜೊತೆಗೇ ಇಟ್ಟಿರುತ್ತದೆ.

ವಿಟಮಿನ್ ಇ ಯ ಅಭಾವವನ್ನು ಕಣ್ಣಾರೆ ನೋಡುವ ಪರೀಕ್ಷೆಯೊಂದು ಹಿಂದೆ ರೂಢಿಯಲ್ಲಿತ್ತು. ರೋಗಿಯ ಕೆಂಪು ರಕ್ತಕಣಗಳನ್ನು ತೊಳೆದು ಉಪ್ಪುನೀರಿನಲ್ಲಿ ತೇಲಿಬಿಟ್ಟು, ತುಸು ತೆಳುವಾದ ಹೈಡ್ರೋಜನ್ ಪೆರಾಕ್ಸೈಡ್ ಸೇರಿಸುತ್ತಿದ್ದರು. ವಿಟಮಿನ್ ಇ ಸಾಕಷ್ಟಿರುವ ಕಣಗಳು ಹಾಗೇ ಇರುತ್ತವೆ. ಕೊಳವೆಯನ್ನು ತಿರುಗಿಸಿ ಬಿಟ್ಟರೆ ಕಣಗಳು ತಳಕ್ಕಿಳಿದು ಮೇಲಿನ ನೀರು ತಿಳಿಯಾಗಿ ನಿಲ್ಲುತ್ತದೆ. ಕೊರತೆಯಿರುವ ಕಣಗಳು ಒಡೆಯುತ್ತವೆ, ನೀರೆಲ್ಲ ಕೆಂಪಾಗುತ್ತದೆ. ದಿನ ತುಂಬದೆ ಹುಟ್ಟಿದ ಕೂಸುಗಳ ಒಂದು ಬಗೆಯ ರಕ್ತಹೀನತೆಗೆ ವಿಟಮಿನ್ ಇ ಕೊರತೆಯೇ ಕಾರಣ ಎಂದು 1967ರಲ್ಲಿ ಆಸ್ಕಿ ಮತ್ತು ಬಾರ್ನೆಸ್ ಗುರುತಿಸಿದರು. 2011ರಲ್ಲಿ ಅಮೆರಿಕದ ಜಾರ್ಜಿಯಾದ ಪಾಲ್ ಮೆಕ್‌ನೀಲ್ ತಂಡ ಇನ್ನೊಂದು ಎಳೆ ಸೇರಿಸಿತು. ಸ್ನಾಯುಕೋಶದ ಪೊರೆಯನ್ನು ಲೇಸರಿನಿಂದ ತೂತು ಮಾಡಿದರೆ ಕೋಶ ಅದನ್ನು ತಾನೇ ಮುಚ್ಚಿಕೊಳ್ಳುತ್ತದೆ. ಆಕ್ಸಿಡೀಕರಣದ ಕಾಟವಿದ್ದಾಗ ಮುಚ್ಚಿಕೊಳ್ಳಲು ಸೋಲುತ್ತದೆ, ವಿಟಮಿನ್ ಇ ಇದ್ದರೆ ಗೆಲ್ಲುತ್ತದೆ. ವಿಟಮಿನ್ ಇ ಇಲ್ಲದ ಆಹಾರದಲ್ಲಿ ಬೆಳೆದ ಇಲಿಗಳ ತೊಡೆಯ ಸ್ನಾಯುಗಳು ಸೋರುವುದನ್ನು 2015ರಲ್ಲಿ ಕಂಡರು. ಮಾಂಸಖಂಡ ಪ್ರತಿ ಹೆಜ್ಜೆಗೂ ಸಣ್ಣಪುಟ್ಟದಾಗಿ ಹರಿಯುತ್ತ, ಹೊಲಿದುಕೊಳ್ಳುತ್ತ ಇರುವ ಅಂಗ. ಈ ವಿಟಮಿನ್ ಅಲ್ಲಿ ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ತೃಪ್ತಿಕರವಾದ ಉತ್ತರವನ್ನು ನಾನು ಓದಿಲ್ಲ.

ವಿಟಮಿನ್ ಎ ಯ ವಿಷಯದಲ್ಲಿ ದೇಹ ಇನ್ನೂ ಹೆಚ್ಚು ಜಾಗ್ರತೆ ವಹಿಸುತ್ತದೆ. 1597ರಲ್ಲಿ ಡಚ್ ನಾವಿಕ ವಿಲ್ಲೆಮ್ ಬಾರೆಂಟ್ಸನ ತಂಡ ಉತ್ತರ ಧ್ರುವ ಪ್ರದೇಶದ ನೊವಾಯಾ ಜೆಮ್ಲ್ಯಾ ದ್ವೀಪದಲ್ಲಿ ಹಿಮಕ್ಕೆ ಸಿಕ್ಕಿಕೊಂಡಿತ್ತು. ಹಿಮಕರಡಿಯನ್ನು ಕೊಂದು ಅದರ ಲಿವರ್ ಬೇಯಿಸಿ ತಿಂದರು. ಎಲ್ಲರೂ ಕಾಯಿಲೆ ಬಿದ್ದರು, ಮೂವರ ಮೈಚರ್ಮ ನೆತ್ತಿಯಿಂದ ಅಂಗಾಲಿನವರೆಗೆ ಸುಲಿದುಬಂತು. ಕಾರಣ ತಿಳಿಯಲು 1943ರವರೆಗೆ ಕಾಯಬೇಕಾಯಿತು. ಹಿಮಕರಡಿಯ ಒಂದು ಗ್ರಾಂ ಲಿವರಿನಲ್ಲಿ 13,000ದಿಂದ 18,000 ಯೂನಿಟ್ ವಿಟಮಿನ್ ಎ ಇದೆ ಎಂದು ರೊಡಾಲ್ ಮತ್ತು ಮೂರ್ ಅಳೆದರು. ಒಂದು ತುತ್ತಿನಲ್ಲೇ ಲಕ್ಷಗಟ್ಟಲೆ ಯೂನಿಟ್.

ಹೆಚ್ಚಾದ ವಿಟಮಿನ್ ಎ ಕೋಶಕ್ಕೆ ಏನು ಮಾಡುತ್ತದೆಂಬುದನ್ನು ಬಿಡಿಸಿದ್ದು ಕೇಂಬ್ರಿಜಿನ ಪ್ರಯೋಗಾಲಯ. ಹಾನರ್ ಫೆಲ್ ಮತ್ತು ಎಡ್ವರ್ಡ್ ಮೆಲನ್ಬಿ ಕೋಳಿಭ್ರೂಣದ ಮೃದ್ವಸ್ಥಿಯನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ವಿಟಮಿನ್ ಎ ಹೆಚ್ಚಾಗಿ ಕೊಟ್ಟರು. ಮೃದ್ವಸ್ಥಿ ಕರಗಿಹೋಯಿತು. ಅದರ ಜಾಡು ಹಿಡಿದ ಡಿಂಗಲ್ ಮತ್ತು ಲೂಸಿ 1960ರ ದಶಕದ ಆರಂಭದಲ್ಲಿ ತೋರಿಸಿದ್ದೇನೆಂದರೆ, ರೆಟಿನಾಲ್ ಎಂಬ ವಿಟಮಿನ್ ಎ ಅಣು ಪೊರೆಯೊಳಕ್ಕೆ ಹೊಕ್ಕು ಅದನ್ನು ಉಬ್ಬಿಸುತ್ತದೆ. ಮೊಲದ ಕೆಂಪು ರಕ್ತಕಣಗಳು ನಿಮಿಷಗಳಲ್ಲಿ ಒಡೆಯುತ್ತವೆ. ಕೋಶದೊಳಗೆ ಜೀರ್ಣರಸಗಳನ್ನು ಕಟ್ಟಿಟ್ಟಿರುವ ಲೈಸೋಸೋಮ್ ಚೀಲಗಳೂ ಸೋರಿ, ಆ ರಸಗಳು ಹೊರಬಿದ್ದು ಸುತ್ತಲಿನ ಅಂಗಾಂಶವನ್ನೇ ತಿನ್ನುತ್ತವೆ. ಜೊತೆಗೆ ವಿಟಮಿನ್ ಇ ಸೇರಿಸಿದರೆ ರಕ್ತಕಣ ಒಡೆಯುವುದು ತಗ್ಗುತ್ತಿತ್ತು. ಒಂದೇ ಪೊರೆಯಲ್ಲಿ ಒಂದು ವಿಟಮಿನ್ ಕೆಡಿಸುತ್ತಿದ್ದರೆ ಇನ್ನೊಂದು ಕಾಯುತ್ತಿತ್ತು.

ಬಿಡಿಯಾಗಿ ತಿರುಗಾಡಿದರೆ ಇಷ್ಟು ಅಪಾಯವಿರುವ ರೆಟಿನಾಲನ್ನು ದೇಹ ಬಿಡಿಯಾಗಿ ತಿರುಗಾಡಲು ಬಿಡುವುದೇ ಇಲ್ಲ. ಲಿವರಿನ ವಿಶೇಷ ಕೋಶಗಳಲ್ಲಿ ಅದನ್ನು ಕೊಬ್ಬಿನಾಮ್ಲಕ್ಕೆ ಗಂಟುಹಾಕಿ ಎಣ್ಣೆಹನಿಗಳಾಗಿ ಇಡುತ್ತದೆ. ಗಂಟುಬಿದ್ದ ಅಣುವಿಗೆ ಪೊರೆಯ ಸಾಲಿಗೆ ಸೇರುವ ಚುರುಕು ಇಲ್ಲ. ರಕ್ತಕ್ಕೆ ಬಿಡುವಾಗ ಅದನ್ನು ತನ್ನೊಳಗೆ ಅಡಗಿಸಿಕೊಳ್ಳುವ ಪ್ರೋಟೀನೊಂದರ ಜೊತೆಗೇ ಕಳಿಸುತ್ತದೆ. ವಿಷಬಾಧೆಯಾಗುವುದು ಈ ಪ್ರೋಟೀನಿನ ಸಾಮರ್ಥ್ಯ ಮೀರಿ ವಿಟಮಿನ್ ಎ ಕೊಬ್ಬಿನ ಕಣಗಳ ಮೇಲೆ ಸವಾರಿಮಾಡಿಕೊಂಡು ರಕ್ತದಲ್ಲಿ ಸುತ್ತತೊಡಗಿದಾಗ. ನಮ್ಮ ಮಕ್ಕಳಿಗೆ ಒಂಬತ್ತನೇ ತಿಂಗಳಲ್ಲಿ 1 ಲಕ್ಷ ಯೂನಿಟ್, ಆಮೇಲೆ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ 2 ಲಕ್ಷ ಯೂನಿಟ್ ವಿಟಮಿನ್ ಎ ದ್ರಾವಣ ಕುಡಿಸುತ್ತಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಅಧ್ಯಯನದ ಬಲದಿಂದ 1970ರಲ್ಲಿ ಶುರುವಾಗಿ ಇರುಳುಗುರುಡಿನಿಂದ ಲೆಕ್ಕವಿಲ್ಲದಷ್ಟು ಕಣ್ಣುಗಳನ್ನು ಉಳಿಸಿದ ಕಾರ್ಯಕ್ರಮವಿದು. ಅಷ್ಟು ದೊಡ್ಡ ಪ್ರಮಾಣವನ್ನು ಮಗು ತಾಳಿಕೊಳ್ಳುವುದು ಲಿವರಿನ ಈ ಉಗ್ರಾಣದ ದೆಸೆಯಿಂದ. ಆರು ತಿಂಗಳ ಅಂತರ ಇಟ್ಟಿರುವುದೂ ಉಗ್ರಾಣ ಬರಿದಾಗುವ ಲೆಕ್ಕದಿಂದಲೇ. ಅಂಗನವಾಡಿಯಲ್ಲಿ ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳುವ ತಾರೀಖು ಎಷ್ಟು ಮುಖ್ಯವೆಂದು ಇದರಿಂದ ತಿಳಿಯಬೇಕು.

ವಿಟಮಿನ್ ಕೆ ಪೊರೆಯ ಹದವನ್ನು ಬದಲಿಸುವುದಕ್ಕಿಂತ ಪೊರೆಗೆ ಅಂಟುವ ಶಕ್ತಿಯನ್ನು ಬೇರೆಯವಕ್ಕೆ ಕೊಡುತ್ತದೆ. ಗಾಯವಾದಾಗ ರಕ್ತದ ಪ್ಲೇಟ್‌ಲೆಟ್‌ಗಳು ಪೊರೆಯ ಒಳಪದರದಲ್ಲಿ ಬಚ್ಚಿಟ್ಟಿದ್ದ ಋಣ ವಿದ್ಯುತ್ತಿನ ಕೊಬ್ಬಿನ ಅಣುಗಳನ್ನು ಹೊರಪದರಕ್ಕೆ ತಿರುಗಿಸುತ್ತವೆ. ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್‌ಗಳು ಕ್ಯಾಲ್ಸಿಯಂ ನೆರವಿನಿಂದ ಅಲ್ಲಿಗೆ ಅಂಟಿಕೊಳ್ಳಬೇಕು. ಹಾಗೆ ಅಂಟಲು ಬೇಕಾದ ಹಿಡಿಕೆಯನ್ನು ಅವಕ್ಕೆ ಮಾಡಿಕೊಡುವುದು ವಿಟಮಿನ್ ಕೆ. ಹುಟ್ಟಿದ ಕೂಡಲೇ ಕೂಸಿನ ತೊಡೆಗೆ ಕೊಡುವ 1 ಮಿಲಿಗ್ರಾಂ ಚುಚ್ಚುಮದ್ದು ಇದಕ್ಕಾಗಿಯೇ.

ವಿಟಮಿನ್ ಡಿ ಯಲ್ಲಿ ಇಡೀ ಸಂಬಂಧ ತಲೆಕೆಳಗು. ಇಲ್ಲಿ ವಿಟಮಿನ್ ಪೊರೆಯನ್ನು ಬದಲಿಸುವುದಕ್ಕಿಂತ ಮೊದಲು ಪೊರೆಯೇ ವಿಟಮಿನನ್ನು ರೂಪಿಸುತ್ತದೆ. ನಮ್ಮ ಚರ್ಮದ ಕೋಶಗಳ ಪೊರೆಯಲ್ಲಿ ಕೊಲೆಸ್ಟರಾಲಿನ ಹತ್ತಿರದ ಬಂಧುವಾದ ಅಣುವೊಂದು ಫಾಸ್ಫೊಲಿಪಿಡ್‌ಗಳ ನಡುವೆ ನಿಂತಿರುತ್ತದೆ. ಬಿಸಿಲಿನ ನೇರಳಾತೀತ ಕಿರಣ ತಗುಲಿದರೆ ಅದರ ಒಂದು ಉಂಗುರ ಬಿಚ್ಚಿಕೊಂಡು ಪೂರ್ವ ವಿಟಮಿನ್ ಆಗುತ್ತದೆ. ಅದು ಮೈಯ ಶಾಖದಲ್ಲಿ ಮೆಲ್ಲಗೆ ತಿರುಚಿಕೊಂಡು ವಿಟಮಿನ್ ಡಿ ಆಗಬೇಕು. ಬಿಸಿಲಿನ ಪಾಲು ಮೊದಲ ಹೆಜ್ಜೆಯಷ್ಟೇ. ಎರಡನೆಯದಕ್ಕೆ ಬಿಸಿಲು ಬೇಡ. ಪೂರ್ವ ವಿಟಮಿನನ್ನು ಹೆಕ್ಸೇನ್ ಎಂಬ ದ್ರಾವಕದಲ್ಲಿ ಕರಗಿಸಿ 37 ಡಿಗ್ರಿಯಲ್ಲಿಟ್ಟರೆ ಅದರ ಅರ್ಧಭಾಗ ವಿಟಮಿನ್ ಡಿ ಆಗಲು ಸುಮಾರು 30 ಗಂಟೆ ಹಿಡಿಯುತ್ತದೆ. ಮನುಷ್ಯನ ಚರ್ಮದಲ್ಲಿ ಅಷ್ಟೇ ಬದಲಾವಣೆಗೆ ಸುಮಾರು ಎರಡೂವರೆ ಗಂಟೆ ಸಾಕು. ಮೈಕಲ್ ಹೋಲಿಕ್ ತಂಡ 1990ರ ದಶಕದಲ್ಲಿ ಇದರ ಕಾರಣ ಕೊಟ್ಟಿತು. ದ್ರಾವಕದಲ್ಲಿ ಆ ಅಣು ಹೇಗೆಂದರೆ ಹಾಗೆ ಮೈಚಾಚಿಕೊಳ್ಳುತ್ತದೆ, ಆ ಭಂಗಿಯಲ್ಲಿ ವಿಟಮಿನ್ ಆಗಲಾರದು. ಪೊರೆಯಲ್ಲಾದರೋ ಎರಡೂ ಕಡೆಯ ಬಾಲಗಳು ಅದನ್ನು ಅದುಮಿ ಹಿಡಿದು, ತಿರುಚಿಕೊಳ್ಳಲು ಅನುಕೂಲವಾದ ಭಂಗಿಯಲ್ಲೇ ನಿಲ್ಲಿಸುತ್ತವೆ. ವಿಟಮಿನ್ ಡಿ ಆದ ಮರುಕ್ಷಣ ಆಕಾರ ಬದಲಾಗಿ ಅದು ಆ ಸಾಲಿಗೆ ಹೊಂದುವುದಿಲ್ಲ, ಪೊರೆಯಿಂದ ಹೊರಬೀಳುತ್ತದೆ. ಹೊರಗೆ ಅದನ್ನು ಹಿಡಿದು ರಕ್ತದಲ್ಲಿ ಸಾಗಿಸಲು ಅದರದೇ ಪ್ರೋಟೀನು ಕಾದಿರುತ್ತದೆ.

ಹೊಲದಲ್ಲಿ ಇಡೀ ದಿನ ಬಿಸಿಲಿಗೆ ಮೈಯೊಡ್ಡುವವರಿಗೂ ವಿಟಮಿನ್ ಡಿ ವಿಷವಾಗದಿರುವುದಕ್ಕೆ ಕಾರಣ ಇದೇ ಪೊರೆಯಲ್ಲಿದೆ. ಬಿಸಿಲು ಹೆಚ್ಚಾದರೆ ಪೂರ್ವ ವಿಟಮಿನ್ ಅಲ್ಲೇ ಲೂಮಿಸ್ಟೆರಾಲ್, ಟ್ಯಾಕಿಸ್ಟೆರಾಲ್ ಎಂಬ ನಿರುಪದ್ರವಿ ಅಣುಗಳಾಗಿ ತಿರುಗುತ್ತದೆ, ಡಿ ಯ ಪ್ರಮಾಣ ಒಂದು ಮಟ್ಟ ದಾಟುವುದಿಲ್ಲ. ವಾರಕ್ಕೊಂದರಂತೆ ನುಂಗುವ 60,000 ಯೂನಿಟ್ ಮಾತ್ರೆಗೆ, ಹಾಲಿನಲ್ಲಿ ಕಲಸುವ ಪುಡಿಯ ಪೊಟ್ಟಣಕ್ಕೆ ಈ ಲಗಾಮು ಇಲ್ಲ. ವೈದ್ಯರು ಕೆಲವು ವಾರಗಳಿಗೆಂದು ಬರೆದುಕೊಟ್ಟ ಚೀಟಿಯನ್ನೇ ಇಟ್ಟುಕೊಂಡು, ರಕ್ತಪರೀಕ್ಷೆ ಮಾಡಿಸದೆ, ವರ್ಷಗಟ್ಟಲೆ ಅದನ್ನು ತಂದು ನುಂಗುವವರಲ್ಲಿ ರಕ್ತದ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಮಂಕು ಕವಿಯುವುದು, ಕೊನೆಗೆ ಮೂತ್ರಪಿಂಡಕ್ಕೆ ಪೆಟ್ಟು ಬೀಳುವುದು ಆಗುತ್ತದೆ. ಮಾತ್ರೆ ಮುಂದುವರಿಸಬೇಕೇ ಎಂದು ವೈದ್ಯರನ್ನು ಕೇಳುವಾಗ, ಎಷ್ಟು ದಿನದಿಂದ ನುಂಗುತ್ತಿದ್ದೀರಿ ಎಂಬುದನ್ನೂ ಅವರಿಗೆ ಹೇಳಿ.